ಕೊನೆಯ 16 ಪುಟಗಳು

ದಸರಾ ರಜೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅರಸೀಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಉಂಡೆ ಕೊಬ್ಬರಿಗೆ ಅಂತ ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ಕಾಯಿ ಅಲ್ಲಾಡಿಸಿದಾಗ ‘ಲೊಡಲೊಡ’ ಅಂದರೆ ಕೊಬ್ಬರಿ ಆಯಿತು ಅಂತ ಲೆಕ್ಕ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಮೂಲೆಗೆ ಸರಿದಾಗ, ಮುರಿದ ಮಂಕರಿಯ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಏನೋ ಸಿಕ್ಕಿತು. ಬಿಚ್ಚಿದರೆ ಒಂದು ಪುಸ್ತಕ. ಮೇಲಿನ ರಟ್ಟು ಇಲ್ಲ. ಮೊದಲ ಎರಡು ಹಾಳೆ ಇಲ್ಲ. ಶುರುವಾಗುವುದೇ ಐದನೇ ಪುಟದಿಂದ. ಎಣ್ಣೆ ಜಿಡ್ಡು, ಹೊಗೆಯ ವಾಸನೆ.

ಕೆಳಗೆ ತಂದು ಅಜ್ಜಿಗೆ ತೋರಿಸಿದೆ. ಆಗಷ್ಟೇ ಅವಳಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹೊಗೆಯ ಹತ್ತಿರ ಹೋಗಬಾರದು, ಬಗ್ಗಬಾರದು, ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದ ಅವಳು ಪುಸ್ತಕವನ್ನು ನೋಡಲೇ ಇಲ್ಲ, ಬೆರಳಿನಿಂದ ಸವರಿ ಮೂಗಿಗೆ ಹಿಡಿದಳು. “ಇದು ಎಲ್ಲಿತ್ಲಾ?” ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದ್ಲಾ ಮಗ. ನಂಗೆ ಕಣ್ಣಿಲ್ಲ, ನಿಂಗೆ ಕೆಲಸ ಇಲ್ಲ” ಅಂದಳು.

ಅದು ಪತ್ತೇದಾರಿ ಕಾದಂಬರಿ.

ನಾನು ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲೇ. ಆದರೆ ಪಿಯುಸಿಗೆ ಸೇರಿದ ಮೇಲೆ ವಾಟ್ಸ್‌ಆ್ಯಪ್ ಸಂದೇಶ, ಬಸ್ ಬೋರ್ಡು ಬಿಟ್ಟರೆ ಕನ್ನಡ ಓದಿದ್ದು ಕಡಿಮೆ. ಗಟ್ಟಿಯಾಗಿ ಓದಲು ಹೊರಟರೆ ಎರಡನೇ ಸಾಲಿಗೇ ತೊದಲಿದೆ. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು, ಬಾಣಾವರದಲ್ಲಿ. ಅವಳು ನನ್ನ ಉಚ್ಚಾರ ತಿದ್ದುತ್ತಿದ್ದಳು. “ಗುಮಾನಿ ಕಣೋ, ಗಮನಿ ಅಲ್ಲ.” ಗುಮಾನಿ ಅನ್ನುವ ಪದವನ್ನು ನಾನು ಅಲ್ಲಿಯವರೆಗೆ ಬಳಸಿಯೇ ಇರಲಿಲ್ಲ. ಜಾಡು, ಸುಳಿವು, ಮಹಜರು, ಪಂಚನಾಮೆ, ಬೆರಳಚ್ಚು – ಮೂರು ರಾತ್ರಿಯಲ್ಲಿ ಇಷ್ಟು ಪದ ಬಾಯಿಗೆ ಬಂದವು.

ಕಥೆ ಹೀಗಿದೆ. ಮಲೆನಾಡಿನ ಒಬ್ಬ ಕಾಫಿ ತೋಟದ ಸಾಹುಕಾರ ತನ್ನ ಬಂಗಲೆಯಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಗುಮಾನಿ ನಾಲ್ಕು ಜನರ ಮೇಲೆ: ಸೋದರಳಿಯ, ಅಡುಗೆಭಟ್ಟ, ತೋಟದ ರೈಟರು ಮತ್ತು ಒಬ್ಬ ಟೈಪಿಸ್ಟ್ ಹುಡುಗಿ. ಸೋದರಳಿಯ ಆ ರಾತ್ರಿ ಬೆಂಗಳೂರಿನಲ್ಲಿದ್ದ ಅನ್ನುವುದಕ್ಕೆ ಅಲ್ಲಿಂದ ಅವನ ಹೆಸರಿನಲ್ಲಿ ಬಂದ ತಂತಿಯೇ ಸಾಕ್ಷಿ. ಪತ್ತೇದಾರ ರಾತ್ರಿ ರೈಲಿನಲ್ಲಿ ಬಂದು ಒಂದು ಜಂಕ್ಷನ್ನಿನಲ್ಲಿ ಇಳಿಯುತ್ತಾನೆ. ಪುಸ್ತಕದಲ್ಲಿ ಊರಿನ ಹೆಸರಿಲ್ಲ. ಆದರೆ ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ, ಮೈಸೂರಿನ ಹಳಿ ಬಂದು ಸೇರುವುದು ನಮ್ಮ ಅರಸೀಕೆರೆಯಲ್ಲಿ. ಅಜ್ಜಿಗೂ ನನಗೂ ಅದು ಅರಸೀಕೆರೆಯೇ ಅನ್ನುವುದರಲ್ಲಿ ಸಂಶಯ ಬರಲಿಲ್ಲ.

ಇಪ್ಪತ್ತು ವರ್ಷದ ಓದುಗನಿಗೆ ಇಂಥ ಪುಸ್ತಕ ಓದುವಾಗ ಮೊದಲು ಬರುವುದು ನಗು. ಹೆಣ್ಣುಮಕ್ಕಳು ಮಾತು ಮಾತಿಗೆ ಮೂರ್ಛೆ ಹೋಗುತ್ತಾರೆ. ಇನ್‌ಸ್ಪೆಕ್ಟರಿಗೆ ಬುದ್ಧಿಯೇ ಇಲ್ಲ. ಮುಖದ ಮೇಲೆ ಮಚ್ಚೆ ಗಾಯ ಇದ್ದವನು, ಕಪ್ಪಗಿರುವವನು, ಕುಂಟುವವನು ಕಂಡ ಕೂಡಲೇ ಗುಮಾನಿಗೆ ಬೀಳುತ್ತಾನೆ. ಇದು ನಗುವ ವಿಷಯವೂ ಅಲ್ಲ, ಓದುವಾಗ ಬಾಯಿ ಕಹಿಯಾಯಿತು. ಪತ್ತೇದಾರ ನಮ್ಮ ಸೆಕೆಯಲ್ಲೂ ಓವರ್‌ಕೋಟು ಹಾಕಿ ಪೈಪು ಸೇದುತ್ತಾನೆ. ಅರವತ್ತನೇ ಪುಟದ ಹೊತ್ತಿಗೆ ಬಂಗಲೆಯ ಕೆಳಗೊಂದು ಸುರಂಗ ಸಿಗುತ್ತದೆ. ಇನ್ನು ಮೊಬೈಲು ಇದ್ದಿದ್ದರೆ ಇಡೀ ಕಾದಂಬರಿ ಇಪ್ಪತ್ತನೇ ಪುಟಕ್ಕೇ ಮುಗಿದುಹೋಗುತ್ತಿತ್ತು. ಸೋದರಳಿಯನ ಫೋನು ಯಾವ ಟವರಿನಲ್ಲಿತ್ತು ಅಂತ ನೋಡಿದರೆ ಸಾಕು. ನಾನು ಹಾಗಂದಾಗ ಅಜ್ಜಿ, “ಫೋನು ಬೇರೆಯವರ ಕೈಲಿ ಕೊಟ್ಟು ಬಂದಿದ್ರೆ?” ಅಂದಳು.

ಅಲ್ಲಿಂದ ನಾನು ನಗುವುದು ಬಿಟ್ಟು ಓದತೊಡಗಿದೆ. ತಂತಿಯ ವಿಷಯವನ್ನೇ ನೋಡಿ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಾಗ ನಾನು ಚಿಕ್ಕ ಹುಡುಗ, ಒಂದು ತಂತಿಯನ್ನೂ ಕಣ್ಣಾರೆ ಕಂಡವನಲ್ಲ. ಆದರೂ ಆ ಕಾದಂಬರಿಯ ಗಂಟು ನನಗೆ ಚೆನ್ನಾಗಿ ಅರ್ಥವಾಯಿತು. ತಂತಿಯ ಕೆಳಗೆ ಯಾರ ಹೆಸರಿದೆಯೋ ಅವನೇ ಕಳಿಸಿದ್ದು ಅನ್ನುವುದಕ್ಕೆ ಏನು ಆಧಾರ? ಹೋದ ವರ್ಷ ನಮ್ಮ ಸೀನಿಯರ್ ಒಬ್ಬರಿಗೆ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ಆಫರ್ ಲೆಟರ್ ಬಂತು. ಲೋಗೊ, ಸಹಿ, ಸೀಲು ಎಲ್ಲ ಇತ್ತು. ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಅಂತ ಹಣ ಕಟ್ಟಿಸಿಕೊಂಡರು. ಆಮೇಲೆ ಆ ನಂಬರು ಸ್ವಿಚ್ ಆಫ್. ಕೆಲಸ ಹುಡುಕುತ್ತಿರುವ ನಿಮ್ಮಲ್ಲಿ ಎಷ್ಟು ಜನಕ್ಕೆ ಇಂಥ ಮೇಲ್ ಬಂದಿಲ್ಲ ಹೇಳಿ? ಹೆಸರು ನೋಡಿ ನಂಬಬೇಡ, ಎಲ್ಲಿಂದ ಹೊರಟಿತು ನೋಡು ಅಂತ ಆ ಪತ್ತೇದಾರ ತಂತಿ ಕಚೇರಿಗೆ ಹೋಗಿ ಫಾರಂ ಬರೆದವನ ಕೈಬರಹ ಕೇಳುತ್ತಾನಲ್ಲ, ಅದೇ ಕೆಲಸವನ್ನು ನಮ್ಮ ಸೀನಿಯರ್ ಮೇಲ್ ವಿಳಾಸ ನೋಡಿ ಮಾಡಬಹುದಿತ್ತು.

ನಾಲ್ಕನೇ ರಾತ್ರಿ ಪುಟ 112ಕ್ಕೆ ಬಂದೆವು. ಪತ್ತೇದಾರ ಎಲ್ಲರನ್ನೂ ಬಂಗಲೆಯ ಹಾಲಿನಲ್ಲಿ ಕೂರಿಸಿದ್ದಾನೆ. ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ ಅನ್ನುತ್ತಾನೆ. ಅಷ್ಟರಲ್ಲಿ ದೀಪ ಆರುತ್ತದೆ. ಯಾರೋ ಚೀರುತ್ತಾರೆ. ಪುಟ ಮುಗಿಯುತ್ತದೆ. ಪುಸ್ತಕವೂ.

ಹಿಂದಿನ ಹಾಳೆಗಳು ಇಲ್ಲ. ಹೊಲಿಗೆಯ ಹತ್ತಿರ ಹರಿದ ಗುರುತು ಇದೆ. ನಾನು ಎಂಜಿನಿಯರಿಂಗ್ ಹುಡುಗ, ಲೆಕ್ಕ ಹಾಕಿದೆ. ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟದ ಫಾರಂಗಳಲ್ಲಿ ಮುದ್ರಿಸಿ, ಮಡಚಿ, ಹೊಲಿಯುತ್ತಾರೆ. 112 ಅಂದರೆ ಸರಿಯಾಗಿ ಏಳು ಫಾರಂ. ಹೋಗಿರುವುದು ಎಂಟನೆಯದು. ಅಂದರೆ 128 ಪುಟದ ಕಾದಂಬರಿಯಲ್ಲಿ ಕೊನೆಯ 16 ಪುಟ ಬಾಕಿ. “ಕೊಲೆ ಮಾಡಿದ್ದು ಯಾರಜ್ಜಿ?” ಅಂದೆ. “ಮರ್ತೋಯ್ತು ಮಗ” ಅಂದಳು. ಆ ಮಾತು ನನಗೆ ಸರಿ ಕಾಣಲಿಲ್ಲ. ಎಪ್ಪತ್ತೆರಡು ವರ್ಷದ ಅಜ್ಜಿಗೆ ಯಾರ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಅನ್ನುವುದು ಈಗಲೂ ಗೊತ್ತು.

ಹುಡುಕಾಟ ಶುರುವಾಯಿತು. ಮೊದಲು ನಮ್ಮೂರ ಪಂಚಾಯಿತಿ ಗ್ರಂಥಾಲಯ. ಈಗ ಅದಕ್ಕೆ ‘ಅರಿವು ಕೇಂದ್ರ’ ಅಂತ ಬೋರ್ಡು. ಅಲ್ಲಿ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡುಗಳು ಸಾಲಾಗಿವೆ. ಅವುಗಳ ಮುಂದೆ ನನ್ನ ಜೊತೆ ಹೈಸ್ಕೂಲು ಓದಿದ ಇಬ್ಬರು ಕೂತಿದ್ದರು. ಪತ್ತೇದಾರಿ ಪುಸ್ತಕ ಕೇಳಿದ್ದಕ್ಕೆ ಒಬ್ಬ ತಲೆ ಎತ್ತಿ, “ಕಾನ್‌ಸ್ಟೆಬಲ್ ಪರೀಕ್ಷೆಗೆ ಅದನ್ನೂ ಕೇಳ್ತಾರೇನೋ?” ಅಂದ. ಅರಸೀಕೆರೆಯಲ್ಲಿ ವಿಚಾರಿಸಿದೆ. ಹಿಂದೆ ಸ್ಟೇಷನ್ ಕಡೆ ಒಂದು ಬಾಡಿಗೆ ಪುಸ್ತಕದಂಗಡಿ ಇತ್ತಂತೆ, ಅದು ಹೋಗಿ ಎಷ್ಟೋ ವರ್ಷವಾಗಿದೆ. ಅಲ್ಲೀಗ ಮೊಬೈಲು ರಿಪೇರಿ ಅಂಗಡಿ. ಹಾಸನದಲ್ಲಿ ಹಿರಿಯ ಗ್ರಂಥಪಾಲಕರೊಬ್ಬರು ನನ್ನ ಪುಸ್ತಕವನ್ನು ತಿರುಗಿಸಿ ನೋಡಿ, “ಇಂಥವು ಹಾಳಾಗಿದ್ದು ಗೆದ್ದಲು ತಿಂದು ಅಲ್ಲಪ್ಪ, ಓದೀ ಓದೀ ಹಾಳಾಗಿದ್ದು” ಅಂದರು.

ಬರೆದವರು ಯಾರು ಅಂತ ತಿಳಿಯಲು ಈ ಜಾತಿಯ ಪುಸ್ತಕಗಳ ಬಗ್ಗೆ ಓದತೊಡಗಿದೆ. ಇಲ್ಲಿ ನನಗೆ ಸಿಕ್ಕಿದ್ದು ನನ್ನ ಪುಸ್ತಕಕ್ಕಿಂತ ದೊಡ್ಡ ಕಥೆ.

ಮೊದಲ ಹೆಸರು ಎನ್. ನರಸಿಂಹಯ್ಯ. ಇಲ್ಲೇ ಪಕ್ಕದ ಚಿಕ್ಕಮಗಳೂರಿನವರು, 1925ರಲ್ಲಿ ಹುಟ್ಟಿದವರು. ಓದಿದ್ದು ನಾಲ್ಕನೇ ತರಗತಿ. ನಮ್ಮ ಅಜ್ಜಿಯಷ್ಟೇ! ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತಾ ಬರೆಯಲು ಕೂತರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು. ಆಮೇಲೆ ನಿಲ್ಲಲಿಲ್ಲ, ಐನೂರಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಅರಿಂಜಯ, ಮಧುಸೂದನ ಅಂತ ಅವರ ಪತ್ತೇದಾರರ ಹೆಸರು ಹೇಳಿದರೆ ಅರವತ್ತು ದಾಟಿದ ಓದುಗರ ಮುಖ ಅರಳುವುದನ್ನು ನಾನೇ ನೋಡಿದ್ದೇನೆ. ಹಾಸನದ ಬಸ್ಸಿನಲ್ಲಿ ಅವರ ಒಂದು ಕಾದಂಬರಿ ಓದುತ್ತಿದ್ದಾಗ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು, “ನಾನು ಇದನ್ನ ಭೂಗೋಳದ ಪುಸ್ತಕದೊಳಗೆ ಇಟ್ಕೊಂಡು ಓದಿ ಏಟು ತಿಂದಿದ್ದೆ” ಅಂದರು. 2011ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷ ಕನ್ನಡ ಪಠ್ಯ ಓದಿ ಬಂದ ನನಗೆ ಆ ಹೆಸರು ಒಮ್ಮೆಯೂ ಕಣ್ಣಿಗೆ ಬಿದ್ದ ನೆನಪಿಲ್ಲ.

ಎರಡನೇ ಹೆಸರು ನೋಡಿ ಇನ್ನೂ ಬೆರಗಾಯಿತು. ನವೆಂಬರ್ ಬಂದರೆ ಬೈಕಿಗೆ ಕಟ್ಟಿಕೊಂಡು ಓಡಾಡುತ್ತೇವಲ್ಲ, ಹಳದಿ–ಕೆಂಪು ಬಾವುಟ, ಅದನ್ನು ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಕಾರರು. ಕನ್ನಡ ಚಳವಳಿ ಕಟ್ಟಿದವರು ಅಂತ ಗೊತ್ತಿತ್ತು, ಕೊಲೆ ಕಥೆ ಬರೆಯುತ್ತಿದ್ದವರು ಅಂತ ಗೊತ್ತಿರಲಿಲ್ಲ. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜೊತೆ ಅವರೂ ಹೋಗಿಬಿಟ್ಟರು. ಇನ್ನು ಟಿ.ಕೆ. ರಾಮರಾವ್. ‘ಬಂಗಾರದ ಮನುಷ್ಯ’ ಸಿನಿಮಾದ ಮೂಲ ಕಾದಂಬರಿ ಅವರದು ಅಂತ ಎಲ್ಲರಿಗೂ ಗೊತ್ತು. ಅವರು ಹೆಚ್ಚಾಗಿ ಬರೆದದ್ದು ಕುತೂಹಲದ, ಪತ್ತೇದಾರಿಯ ಕಥೆಗಳನ್ನೇ.

ನನ್ನ ಪುಸ್ತಕದ ಪತ್ತೇದಾರ ಪುರುಷೋತ್ತಮನಲ್ಲ, ಅರಿಂಜಯನಲ್ಲ, ಮಧುಸೂದನನೂ ಅಲ್ಲ. ಹಾಗಾಗಿ ಬರೆದವರ ಗುಟ್ಟು ಬಿಡಲಿಲ್ಲ. ಆದರೆ ಹುಡುಕುತ್ತಾ ಹೋದಂತೆ ಓದುವುದೂ ಬೆಳೆಯಿತು. ಬೆಂಗಳೂರಿಗೆ ಇಂಟರ್ನ್‌ಶಿಪ್ ಇಂಟರ್‌ವ್ಯೂಗೆ ಹೋದವನು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಎರಡು ಗಂಟೆ ಕಳೆದು ಮೂರು ಕಾದಂಬರಿ ತಂದೆ. ಇಂಟರ್ನ್‌ಶಿಪ್ ಸಿಗಲಿಲ್ಲ, ಅದು ಬೇರೆ ಮಾತು. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅನ್ನು ಎರಡನೇ ಸಲ ಓದಿದೆ. 1994ರಲ್ಲಿ ಬಂದ ಆ ಕಾದಂಬರಿಯನ್ನು ಪತ್ತೇದಾರಿ ಅಂತ ಯಾರೂ ಕೆಳಗೆ ಕೂರಿಸುವುದಿಲ್ಲ. ಆದರೆ ಏಲಕ್ಕಿ ಮಾರಲು ಹೋದ ಗಂಡ–ಹೆಂಡತಿಯ ಹಿಂದೆ ಬೀಳುವ ಆ ನೆರಳುಗಳು, ಆ ರೈಲು, ಆ ಹಳೇ ಕಾವ್ಯದ ಒಗಟು – ಇವನ್ನೆಲ್ಲ ಉಸಿರು ಬಿಗಿಹಿಡಿದು ಓದಲು ಕಲಿಸಿದವರು ಅದಕ್ಕೂ ಹಿಂದಿನ ಬಾಡಿಗೆ ಪುಸ್ತಕದವರೇ ಇರಬೇಕು ಅನ್ನಿಸಿತು. ನನ್ನ ಅನಿಸಿಕೆ ಅಷ್ಟೇ.

ಇದೇ ರೀತಿ ಮೇಲು–ಕೆಳಗು ನಮ್ಮೂರಿಗೂ ಗೊತ್ತು. ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಎರಡು ಚೆಂದದ ಗುಡಿಗಳಿವೆ, ಲಕ್ಷ್ಮೀನರಸಿಂಹನದು ಮತ್ತು ಸೋಮೇಶ್ವರನದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಪ್ರವಾಸಿ ಬಸ್ಸುಗಳು ಅತ್ತಲೇ ಹೋಗುತ್ತವೆ. ನಮ್ಮ ಗುಡಿಯ ಜಗಲಿ ಖಾಲಿ ಇರುವುದರಿಂದ ಕೂತು ಓದಲು ಅನುಕೂಲವಾಯಿತು ಅನ್ನುವುದೊಂದೇ ಲಾಭ.

ಆ ಜಗಲಿಯಲ್ಲೇ ಫೋನಿನಲ್ಲಿ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಶುರು ಮಾಡಿದೆ. 1868ರ ಕಾದಂಬರಿ, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷಿನ ಮೊಟ್ಟಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಅಂತ ಹೆಸರಾದದ್ದು. ಮೊದಲ ಪುಟ ತೆರೆದರೆ ಎಲ್ಲಿಂದ ಶುರುವಾಗುತ್ತದೆ ಗೊತ್ತೆ? ನಮ್ಮ ಶ್ರೀರಂಗಪಟ್ಟಣದಿಂದ! 1799ರ ಮುತ್ತಿಗೆಯ ದಿನ ಟಿಪ್ಪುವಿನ ಆಯುಧಾಗಾರದಿಂದ ಇಂಗ್ಲಿಷ್ ಅಧಿಕಾರಿಯೊಬ್ಬ ಒಂದು ಹಳದಿ ವಜ್ರ ಕದಿಯುತ್ತಾನೆ. ವಜ್ರ ಕಥೆಗಾರನ ಕಲ್ಪನೆ, ಆದರೆ ಊರು, ಯುದ್ಧ, ಲೂಟಿ ನಿಜವೇ. ಎಂಟನೇ ಕ್ಲಾಸಿನಲ್ಲಿ ಟೂರ್ ಹೋಗಿ ಆ ಕೋಟೆಯ ಮುಂದೆ ಚುರುಮುರಿ ತಿಂದು ಬಂದ ನನಗೆ, ಲಂಡನ್ನಿನ ಓದುಗರು ವಾರ ವಾರ ಕಾದು ಓದಿದ ಕಥೆಯ ಬೇರು ಅಲ್ಲಿದೆ ಅಂತ ಯಾರೂ ಹೇಳಿರಲಿಲ್ಲ. ಹೌದು, ವಾರ ವಾರ. ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂದಿತ್ತು. ನಮ್ಮ ‘ಸುಧಾ’, ‘ತರಂಗ’ಗಳ ಧಾರಾವಾಹಿಗೆ ನಮ್ಮ ಚಿಕ್ಕಮ್ಮಂದಿರು ಕಾದ ಹಾಗೆ.

ಆ ಕಥೆಯನ್ನು ಒಬ್ಬರೇ ಹೇಳುವುದಿಲ್ಲ. ಮನೆಯ ಹಳೇ ಊಳಿಗದವನು, ಒಬ್ಬ ಮಡಿವಂತ ನೆಂಟಳು, ವಕೀಲ, ಹೀಗೆ ಒಬ್ಬೊಬ್ಬರು ತಮಗೆ ಗೊತ್ತಿರುವಷ್ಟನ್ನೇ ಹೇಳುತ್ತಾರೆ. ಪತ್ತೇದಾರ ಸಾರ್ಜೆಂಟ್ ಕಫ್‌ಗೆ ಕೊಲೆಗಡುಕರಿಗಿಂತ ಗುಲಾಬಿ ಗಿಡದ ಮೇಲೆ ಪ್ರೀತಿ. ಹೊಸದಾಗಿ ಬಣ್ಣ ಹಚ್ಚಿದ ಬಾಗಿಲಿನ ಮೇಲೆ ಒಂದು ಕಡೆ ಬಣ್ಣ ಸ್ವಲ್ಪ ಉಜ್ಜಿಹೋಗಿದೆ. ಉಳಿದವರು ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ. ಕಫ್ ಅದನ್ನೇ ಹಿಡಿದುಕೊಳ್ಳುತ್ತಾನೆ. ಕದ್ದವರು ಯಾರು ಅಂತ ನಾನು ಹೇಳುವುದಿಲ್ಲ, ನೀವೇ ಓದಿ. ರಾತ್ರಿ ಊಟವಾದ ಮೇಲೆ ಅದನ್ನು ಅಜ್ಜಿಗೆ ನಮ್ಮ ಕನ್ನಡದಲ್ಲಿ ಹೇಳುತ್ತಿದ್ದೆ. ಬಾಗಿಲ ಬಣ್ಣದ ಭಾಗ ಬಂದಾಗ ಅವಳು ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು.

“ನಿಂದೂ ಒಂದು ಬಾಗಿಲೈತೆ ಕಣ್ಲಾ” ಅಂದಳು.

ನನಗೆ ಅರ್ಥವಾಗಲಿಲ್ಲ.

“ಹೋದ ಸಲ ಪರೀಕ್ಷೆ ಫೀಸು ಅಂತ ಅಪ್ಪನ ಹತ್ರ ಎಷ್ಟು ಇಸ್ಕಂಡೆ? ಈ ಸಲ ಎಷ್ಟು ಇಸ್ಕಂಡೆ? ಜಾಸ್ತಿ ಆಗೈತೆ ಅಂದೆ. ಆ ಮೇಲಿನ ಮನೆ ಹುಡುಗೀನೂ ನಿನ್ನ ಕಾಲೇಜೇ. ಅವಳಿಗ್ಯಾಕೆ ಜಾಸ್ತಿ ಆಗಿಲ್ಲ? ರಿಸಲ್ಟು ಬಂದಾಗೆಲ್ಲ ಅರಸೀಕೆರೆಯಿಂದ ಮೈಸೂರ್ ಪಾಕ್ ತತ್ತಿದ್ದೆ, ಈ ಸಲ ತರಲಿಲ್ಲ. ಆ ಹಸಿರು ಗೀಟಿನ ದಪ್ಪ ಪುಸ್ತಕ ಹೋದ ವರ್ಷ ಓದಿ ಮುಗಿಸಿ ಅಟ್ಟಕ್ಕೆ ಹಾಕಿದ್ದೆ. ಈಗ ಮತ್ತೆ ಮೇಜಿನ ಮೇಲೈತೆ. ನಂಗೆ ಇಂಗ್ಲೀಷ್ ಬರಲ್ಲ. ಗೀಟು ಕಾಣ್ಸುತ್ತೆ.”

ಮೂರನೇ ಸೆಮಿಸ್ಟರಿನ ಗಣಿತ. ನಾನು ಫೇಲಾಗಿದ್ದೆ. ಐದನೇ ಸೆಮಿಸ್ಟರಿಗೆ ಬಂದರೂ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಂಜಿನಿಯರಿಂಗ್‌ಗೆ ಹೋದ ಮೊದಲಿಗ ನಾನು. ಸೀಟು ಸಿಕ್ಕಾಗ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೇಳುವುದಕ್ಕೆ ಬಾಯಿ ಬಂದಿರಲಿಲ್ಲ. ಬ್ಯಾಕ್‌ಲಾಗ್ ಇದ್ದರೆ ಎಷ್ಟೋ ಕಂಪನಿಗಳು ಪ್ಲೇಸ್‌ಮೆಂಟ್‌ಗೆ ಕೂರಲೂ ಬಿಡುವುದಿಲ್ಲ ಅನ್ನುವುದು ರಾತ್ರಿ ಮಲಗಿದಾಗ ಎದೆಯ ಮೇಲೆ ಕಲ್ಲಿನ ಹಾಗೆ ಕೂರುತ್ತಿತ್ತು. ಒಂದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಂದ ಅಜ್ಜಿ ಪಡಸಾಲೆಯಲ್ಲಿ ಕೂತೇ ಅದನ್ನು ಪತ್ತೆ ಹಚ್ಚಿದ್ದಳು.

ಅಳು ಬಂತು ಅಂತ ಬರೆಯಲು ನಾಚಿಕೆ. ಆದರೂ ಬಂತು. ಅವಳು ಸಮಾಧಾನ ಹೇಳಲಿಲ್ಲ. “ನಂದೂ ಒಂದೈತೆ, ಕೇಳು” ಅಂದಳು.

ಅವಳು ಹದಿನೇಳಕ್ಕೆ ಮದುವೆಯಾಗಿ ಈ ಮನೆಗೆ ಬಂದವಳು. ತಾತ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ವಾರಕ್ಕೊಂದು ಸಲ ಸ್ಟೇಷನ್ ಹತ್ತಿರದ ಅಂಗಡಿಯಿಂದ ದಿನಕ್ಕೆ ಹತ್ತು ಪೈಸೆ ಬಾಡಿಗೆಗೆ ಒಂದು ಪುಸ್ತಕ ತಂದುಕೊಡುತ್ತಿದ್ದರು, ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡು. ಅತ್ತೆಗೆ, ಅಂದರೆ ನನ್ನ ಮುತ್ತಜ್ಜಿಗೆ, ಸೊಸೆ ಪುಸ್ತಕ ಹಿಡಿಯುವುದು ಆಗದು. ಅದರಲ್ಲೂ ಕೊಲೆ, ಕಳ್ಳತನದ ಪುಸ್ತಕ! ಅಜ್ಜಿ ಅಟ್ಟ ಹತ್ತಿ, ಕಾಯಿ ರಾಶಿಯ ಹಿಂದೆ, ಹೆಂಚಿನ ಸಂದಿಯಿಂದ ಬೀಳುವ ಬೆಳಕಿನಲ್ಲಿ ಓದುತ್ತಿದ್ದಳು. ಕೆಳಗಿನಿಂದ ಯಾರಾದರೂ ಕರೆದರೆ ಒಂದು ಕಾಯಿ ಅಲ್ಲಾಡಿಸಿ ‘ಲೊಡಲೊಡ’ ಅನ್ನಿಸುತ್ತಿದ್ದಳಂತೆ, ಕೆಲಸ ಮಾಡುತ್ತಿದ್ದೇನೆ ಅನ್ನುವ ಹಾಗೆ.

ಒಂದು ದಿನ ಈ ಪುಸ್ತಕದ ನೂರು ಹನ್ನೆರಡನೇ ಪುಟಕ್ಕೆ ಬಂದಿದ್ದಾಳೆ. ಕೆಳಗೆ ಮಗು ಅತ್ತಿದೆ. ಪುಸ್ತಕ ಅಲ್ಲೇ ಬಿಟ್ಟು ಇಳಿದಿದ್ದಾಳೆ. ಮೇಲೆ ಹೋದ ಅತ್ತೆಯ ಕೈಗೆ ಅದು ಸಿಕ್ಕಿದೆ. ಅತ್ತೆ ಬೈಯಲಿಲ್ಲವಂತೆ. ರಟ್ಟನ್ನೂ ಹಿಂದಿನ ಹಾಳೆಗಳನ್ನೂ ಕಿತ್ತು, ಒಲೆಯ ಮುಂದೆ ಕೂತು, ಬೆಂಕಿ ಹಚ್ಚಲು ಒಂದೊಂದೇ ಹಾಳೆ ಒಳಗೆ ತಳ್ಳುತ್ತಿದ್ದರಂತೆ, ಸೊಸೆ ನೋಡುತ್ತಿರುವ ಹಾಗೆಯೇ. ಉಳಿದದ್ದನ್ನು ಅಜ್ಜಿ ಕದ್ದು ತಂದು ಮಂಕರಿಯ ಕೆಳಗೆ ಬಚ್ಚಿಟ್ಟಳು. ತಾತ ಅಂಗಡಿಯವನಿಗೆ ಪುಸ್ತಕ ಕಳೆದುಹೋಯಿತು ಅಂತ ದಂಡ ಕಟ್ಟಿದರು. ಆಮೇಲೆ ಪುಸ್ತಕ ತರುವುದು ನಿಂತಿತು.

ಅಂದರೆ ಅವಳಿಗೆ ಮರೆತಿರಲಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಐವತ್ತು ವರ್ಷದ ಮೇಲಾಯಿತು.

“ಅತ್ತೆಗೆ ಓದೋಕೆ ಬರ್ತಿರಲಿಲ್ಲ ಕಣೋ” ಅಂದಳು ಸ್ವಲ್ಪ ಹೊತ್ತು ಬಿಟ್ಟು. “ಬಂದಿದ್ರೆ ಸುಡ್ತಿರಲಿಲ್ಲ. ಅವರಿಗೂ ಬೇಜಾರು ಇತ್ತೇನೋ.” ಅವಳು ಆ ಹೆಂಗಸಿನ ಪರವಾಗಿ ಯಾಕೆ ಮಾತಾಡಿದಳು ಅನ್ನುವುದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಗಣಿತದ ವಿಷಯ ಅಪ್ಪನಿಗೆ ತಾನಾಗಿ ಹೇಳುವುದಿಲ್ಲ ಅಂದಳು. “ನೀನೇ ಹೇಳು. ದೀಪ ಆರಿಸಿ ಕೂರಬ್ಯಾಡ.” ಮಾರನೇ ದಿನ ತೋಟದಲ್ಲಿ ಅಪ್ಪನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಡ್ರಿಪ್ ಪೈಪನ್ನು ಜೋಡಿಸುವುದು ಮುಗಿಸಿದರು. “ಎಷ್ಟು ಸಬ್ಜೆಕ್ಟು?” ಅಂದರು. “ಒಂದೇ.” “ಒಂದೇ ಅಲ್ವಾ” ಅಂದರು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಸ್ ಸ್ಟಾಪಿನವರೆಗೆ ಬೈಕಿನಲ್ಲಿ ಬಿಟ್ಟರು. ಪರೀಕ್ಷೆ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಈ ಸಲ ಅದು ನಿಜವಾಗಿಯೂ ಬಂದಿಲ್ಲ.

ಪತ್ತೇದಾರಿ ಓದಿದ್ದರಿಂದ ಗಣಿತ ಸುಲಭವಾಯಿತು ಅಂತ ನಾನು ಹೇಳಿದರೆ ಅದು ಸುಳ್ಳು. ಆದರೆ ಲ್ಯಾಬಿನಲ್ಲಿ ಒಂದು ಬದಲಾವಣೆ ಆಗಿದೆ. ಮೊದಲು ಪ್ರೋಗ್ರಾಂ ಓಡದಿದ್ದರೆ ಸಿಕ್ಕಸಿಕ್ಕ ಸಾಲು ತಿದ್ದುತ್ತಿದ್ದೆ. ಅಂದರೆ ಮಚ್ಚೆ ಗಾಯದವನನ್ನು ಕಂಡ ಕೂಡಲೇ ಹಿಡಿಯುವ ಇನ್‌ಸ್ಪೆಕ್ಟರನ ಕೆಲಸ. ಈಗ ಕೈ ಕಟ್ಟಿ, ಕೊನೆಯದಾಗಿ ಎಲ್ಲಿಯವರೆಗೆ ಸರಿಯಿತ್ತು ಅಂತ ಮೊದಲು ನೋಡುತ್ತೇನೆ. ಇನ್ನೊಂದು, ಒಂದೇ ಕೂರಿಗೆಗೆ ಐವತ್ತು ಪುಟ ಓದುತ್ತೇನೆ. ಹೋದ ವರ್ಷ ಎರಡು ನಿಮಿಷದ ರೀಲ್ ಪೂರ್ತಿ ನೋಡುವ ತಾಳ್ಮೆ ಇರಲಿಲ್ಲ ನನಗೆ.

ಈಗ ಅಜ್ಜಿಯ ಎರಡನೇ ಕಣ್ಣಿನ ಆಪರೇಷನ್ನೂ ಆಗಿದೆ. ಹೊಸ ಕನ್ನಡಕ ಬಂದಿದೆ. ನಾನು ತಂದ ನರಸಿಂಹಯ್ಯನವರ ಕಾದಂಬರಿಯನ್ನು ಪಡಸಾಲೆಯಲ್ಲಿ, ಬೀದಿಗೆ ಮುಖ ಮಾಡಿ ಕೂತು, ತಾನೇ ಓದುತ್ತಾಳೆ. ಆದರೆ ಅಟ್ಟದ ಪುಸ್ತಕದ ಬಗ್ಗೆ ನಮ್ಮಿಬ್ಬರ ಜಗಳ ಮುಗಿದಿಲ್ಲ. ನಾನು ಸೋದರಳಿಯ ಅನ್ನುತ್ತೇನೆ, ತಂತಿಯೇ ಸಾಕ್ಷಿ. ಅವಳು ಅಡುಗೆಭಟ್ಟ ಅನ್ನುತ್ತಾಳೆ. “ಎಪ್ಪತ್ತನೇ ಪುಟದಲ್ಲಿ ಸಾಹುಕಾರ ರಾತ್ರಿ ಊಟ ಮಾಡಲಿಲ್ಲ ಅಂತ ಬರೆದವ್ರೆ. ಹಂಗಾದ್ರೆ ಬೆಳಗ್ಗೆ ತೊಳೆಯೋಕೆ ಎರಡು ತಟ್ಟೆ ಯಾಕಿದ್ವು?” ಆ ಸಾಲನ್ನು ಗಟ್ಟಿಯಾಗಿ ಓದಿದವನು ನಾನು. ನನ್ನ ತಲೆಗೆ ಅದು ಹೋಗಿರಲಿಲ್ಲ.

ಅದಕ್ಕೇ ಈ ಬರಹ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜಿಯ ಟ್ರಂಕಿನಲ್ಲಿ, ಊರಿನ ಹಳೇ ಲೈಬ್ರರಿಯ ಬೀರುವಿನಲ್ಲಿ ಹುಡುಕಿ ನೋಡಿ. ಕಾಫಿ ತೋಟದ ಸಾಹುಕಾರ, ಒಳಗಿನಿಂದ ಚಿಲಕ ಹಾಕಿದ ಕೋಣೆ, ಬೆಂಗಳೂರಿನಿಂದ ಬಂದ ತಂತಿ, ರಾತ್ರಿ ರೈಲು, 128 ಪುಟ. ಸಿಕ್ಕರೆ ಪುಸ್ತಕ ಕಳಿಸಬೇಕಿಲ್ಲ. 113ನೇ ಪುಟ ತೆಗೆದು, ದೀಪ ಹತ್ತಿದಾಗ ಯಾರು ಸಿಕ್ಕಿಬಿದ್ದರು, ಸೋದರಳಿಯನೋ ಅಡುಗೆಭಟ್ಟನೋ, ಅಷ್ಟು ಮಾತ್ರ ಪತ್ರಿಕೆಗೆ ಬರೆದು ತಿಳಿಸಿ. ಅಜ್ಜಿ ಈ ಪುಟವನ್ನು ಪ್ರತಿ ವಾರ ಓದುತ್ತಾಳೆ.